ಮಂಚದ ಕೆಳಗಿನ ಏಳು ಡಬ್ಬಿ

“ನಿಮ್ಮನೇಲಿ ಎಲ್ಲಕ್ಕಿಂತ ಗಲೀಜಾಗಿರೋ ಬಾಟ್ಲಿ ತನ್ನಿ. ಚೆನ್ನಾಗಿರೋದು ಬೇಡ, ಎಸೀಬೇಕು ಅಂತ ಇಟ್ಟಿರ್ತೀರಲ್ಲ, ಅಂಥದ್ದು!” ಎಂದಳು ಅಮ್ಮ.

ಮೂರನೇ ಮಹಡಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ಅನುಮಾನದಿಂದಲೇ ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಎಣ್ಣೆ ಬಾಟಲಿ ಇತ್ತು. ಅದರ ತಳದಲ್ಲಿ ಕಪ್ಪಗೆ ಅಂಟಿಕೊಂಡದ್ದು ಏನೋ, ಎಷ್ಟು ವರ್ಷದ್ದೋ, ದೇವರೇ ಬಲ್ಲ. ಚಿಟಿಕೆ ಮೂಗು ಮುಚ್ಚಿಕೊಂಡಳು. ಅಮ್ಮನಿಗೆ ಮಾತ್ರ ಅದನ್ನು ನೋಡಿ ಖುಷಿಯೋ ಖುಷಿ.

ಚಿಟಿಕೆ ಎಂದರೆ ಅಮ್ಮನ ಹತ್ತು ವರ್ಷದ ಮಗಳು. ಅವಳ ನಿಜವಾದ ಹೆಸರು ಸ್ಕೂಲಿನ ರಿಜಿಸ್ಟರಿನಲ್ಲಿ ಆರಾಮವಾಗಿ ನಿದ್ದೆ ಮಾಡುತ್ತಿತ್ತು. ಚಿಟಿಕೆ ಹೊಡೆಯುವಷ್ಟರಲ್ಲಿ ಇಲ್ಲಿದ್ದವಳು ಅಲ್ಲಿರುತ್ತಿದ್ದಳಾದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಇದೇ ಹೆಸರು ಗಟ್ಟಿಯಾಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವಳು ಅಮ್ಮನ ಜೊತೆ ಮನೆಮನೆ ಸುತ್ತುತ್ತಿದ್ದಳು. ಅಮ್ಮ ಬ್ರಷ್ ಮಾರುತ್ತಿದ್ದಳು. ಬಾಟಲಿ ಬ್ರಷ್, ಬಟ್ಟೆ ಬ್ರಷ್, ಕಿಟಕಿಯ ಸಂದಿಗೆ ಹೋಗುವ ಬ್ರಷ್, ಬೆನ್ನು ಉಜ್ಜುವ ಉದ್ದ ಕೈಯ ಬ್ರಷ್. ಭುಜಕ್ಕೆ ಒಂದು ದೊಡ್ಡ ನೀಲಿ ಚೀಲ. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬ್ರಷ್ ಅಕ್ಕ’ ಅಂತ.

ಅಮ್ಮ ಬಾಟಲಿಗೆ ಸ್ವಲ್ಪ ನೀರು ಹಾಕಿಸಿಕೊಂಡು, ಬ್ರಷ್ಷನ್ನು ಇಳಿಸಿ ನಾಲ್ಕು ಸಲ ತಿರುಗಿಸಿದಳು. ನೀರು ಚೆಲ್ಲಿ ಎತ್ತಿ ಹಿಡಿದಳು. ಬಾಟಲಿಯೊಳಗಿಂದ ಆಚೆಯ ಗೋಡೆ ಕಾಣಿಸಿತು.

“ಅಬ್ಬಬ್ಬಾ!” ಎಂದರು ಆ ಹೆಂಗಸು. “ಒಂದು ಕೊಡಿ.”

“ಹತ್ತು ದಿನ ಉಜ್ಜಿ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡಿ, ದುಡ್ಡು ಕೊಡ್ತೀನಿ. ಇದು ರಸೀದಿ. ಇದರಲ್ಲಿ ನನ್ನ ನಂಬರೂ ಇದೆ, ಕಂಪನಿ ನಂಬರೂ ಇದೆ,” ಎಂದಳು ಅಮ್ಮ.

ಪಕ್ಕದ ಬಾಗಿಲಿನವರು ಹಳೆಯ ಗಿರಾಕಿ. ಅವರಾಗಿಯೇ ಬಂದು, “ಬ್ರಷ್ ಅಕ್ಕ, ನನಗೂ ಒಂದು ಹೊಸ ಬಟ್ಟೆ ಬ್ರಷ್ ಬೇಕಿತ್ತು,” ಎಂದರು.

“ಹಳೇದು ತೋರಿಸಿ,” ಎಂದಳು ಅಮ್ಮ. ತಂದುಕೊಟ್ಟದ್ದನ್ನು ತಿರುಗಿಸಿ ನೋಡಿ, ಬೆರಳಿನಲ್ಲಿ ಸವರಿ, ತಲೆ ಅಲ್ಲಾಡಿಸಿದಳು. “ಇದಕ್ಕೇನಾಗಿದೆ? ಬಿಸಿಲಿಗೆ ಮಗುಚಿ ಇಡಿ. ಇನ್ನೂ ಆರು ತಿಂಗಳು ಉಜ್ಜಬಹುದು.”

ಚಿಟಿಕೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೆಟ್ಟಿಲಿಳಿಯುವಾಗ ಕೇಳಿಯೇಬಿಟ್ಟಳು. “ಅಮ್ಮ, ಅವರೇ ಬೇಕು ಅಂದ್ರು. ನೀನೇ ಬೇಡ ಅಂದೆ! ಹೀಗೆ ಯಾರಾದ್ರೂ ವ್ಯಾಪಾರ ಮಾಡ್ತಾರಾ?”

“ನಾನು ಮಾಡ್ತೀನಲ್ಲ,” ಎಂದು ಅಮ್ಮ ಚೀಲವನ್ನು ಎಡ ಭುಜದಿಂದ ಬಲ ಭುಜಕ್ಕೆ ಬದಲಾಯಿಸಿದಳು. “ನೋಟ್‌ಬುಕ್ಕಲ್ಲಿ ಬರ್ಕೋ. ಈ ಮನೆಗೆ ಆರು ತಿಂಗಳು ಬಿಟ್ಟು.”

ನೋಟ್‌ಬುಕ್ಕಿನಲ್ಲಿ ಬರೆಯುವುದು ಚಿಟಿಕೆಯ ಕೆಲಸ. ಅದರಲ್ಲಿ ನೂರ ಎಂಬತ್ತು ಮನೆಗಳಿದ್ದವು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಅಜ್ಜಿಗೆ ಬಗ್ಗಲು ಆಗುವುದಿಲ್ಲ, ಯಾರಿಗೆ ಯಾವ ಬ್ರಷ್ ಕೊಟ್ಟದ್ದು ಯಾವಾಗ, ಎಲ್ಲವೂ ಅದರಲ್ಲಿತ್ತು. ಹಳೆ ಗಿರಾಕಿ ಎದುರಾದರೆ ಅಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ, “ಹೋದ ಸಲದ್ದು ಹೇಗಿದೆ?” ಈಗೀಗ ಅದನ್ನು ಚಿಟಿಕೆಯೇ ಕೇಳಿಬಿಡುತ್ತಿದ್ದಳು. ಕೇಳಿ ಕೇಳಿ ಬಾಯಿಪಾಠ ಆಗಿಹೋಗಿತ್ತು.

ಸಂಜೆ ಮನೆಗೆ ಬಂದರೆ ಚಿಕ್ಕಮ್ಮ ಕಾಯುತ್ತಾ ಕುಳಿತಿದ್ದಳು. ಚಿಕ್ಕಮ್ಮ ಅಮ್ಮನ ತಂಗಿ, ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಚಿಟಿಕೆಗೆ ಅವಳನ್ನು ಕಂಡರೆ ಪ್ರಾಣ. ಇವತ್ತು ಅವಳು ಹೊಸ ಕೋಟು ಹಾಕಿಕೊಂಡಿದ್ದಳು. ಕೋಟಿನ ಮೇಲೆ ನಕ್ಷತ್ರದ ಪಿನ್ನು ಫಳಫಳ ಅನ್ನುತ್ತಿತ್ತು.

“ಅಕ್ಕ, ಆ ಚೀಲ ಕೆಳಗಿಡು. ಇನ್ಮೇಲೆ ಅದನ್ನ ಎತ್ತೋದೇ ಬೇಡ,” ಎಂದಳು ಚಿಕ್ಕಮ್ಮ.

ಅಮ್ಮ ನಕ್ಕಳು. “ಯಾಕೆ, ನೀನು ಹೊರ್ತೀಯಾ?”

“ತಮಾಷೆ ಅಲ್ಲ ಕಣೇ. ಒಂದು ಪ್ಲಾನ್ ಇದೆ. ಒಂದೇ ಸಲ ಹನ್ನೆರಡು ಸಾವಿರ ಕಟ್ಟಿ ಸೇರೋದು. ಇಬ್ಬರನ್ನ ಸೇರಿಸೋದು. ಅವರು ಇಬ್ಬಿಬ್ಬರನ್ನ ಸೇರಿಸ್ತಾರೆ. ಅವರ ಕೆಳಗೆ ಮತ್ತೆ ಇಬ್ಬಿಬ್ಬರು. ಯಾರು ಸೇರಿದ್ರೂ ನಿನಗೆ ದುಡ್ಡು! ಮೂರೇ ತಿಂಗಳಲ್ಲಿ ಮೂರು ಪಟ್ಟು!”

“ಏನು ಮಾರ್ಬೇಕು?” ಎಂದು ಕೇಳಿದಳು ಅಮ್ಮ.

“ಏನೂ ಮಾರೋದು ಬೇಡ, ಅದೇ ಇದರ ಮಜಾ!” ಚಿಕ್ಕಮ್ಮ ಬ್ಯಾಗಿನಿಂದ ಒಂದು ಬಂಗಾರದ ಬಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಸೇರಿದವರಿಗೆ ಈ ಪುಡಿ ಕೊಡ್ತಾರೆ. ಆರೋಗ್ಯದ ಪುಡಿ. ಅದು ಇರ್ಲಿ ಬಿಡು, ಮುಖ್ಯ ಅಲ್ಲ.”

ಅಮ್ಮ ಡಬ್ಬಿಯನ್ನು ಎತ್ತಿ, ತಿರುಗಿಸಿ, ಕೆಳಗಿಟ್ಟಳು. “ಸೇರೋಕೆ ದುಡ್ಡು ಯಾಕೆ? ನಾನು ಬ್ರಷ್ ಕಂಪನಿಗೆ ಸೇರುವಾಗ ಒಂದು ಕಾಸೂ ಕೊಟ್ಟಿಲ್ಲ. ತಗೊಂಡ ಬ್ರಷ್ ಖರ್ಚಾಗದಿದ್ರೆ ಅವರೇ ವಾಪಸ್ ತಗೋತಾರೆ.”

“ಅಯ್ಯೋ, ನೀನು ಮಾಡೋದೂ ಇದೇ ತಾನೆ? ನಿನ್ನನ್ನ ಕೆಲಸಕ್ಕೆ ಸೇರಿಸಿದ ಡಿಪೋ ಆಂಟಿಗೆ ನಿನ್ನಿಂದ ಕಮಿಷನ್ ಸಿಗಲ್ವಾ?”

“ಸಿಗುತ್ತೆ. ನಾನು ಬ್ರಷ್ ಮಾರಿದ್ರೆ ಅದರಲ್ಲಿ ಇಷ್ಟು ಅಂತ ಸಿಗುತ್ತೆ. ನನ್ನನ್ನ ಸೇರಿಸಿದ್ದಕ್ಕೆ ಏನೂ ಸಿಕ್ಕಿಲ್ಲ.”

“ಎಲ್ಲಾ ಒಂದೇ ಬಿಡು,” ಎಂದ ಚಿಕ್ಕಮ್ಮನ ಕಣ್ಣು ನೋಟ್‌ಬುಕ್ಕಿನ ಮೇಲೆ ಬಿತ್ತು. “ನೂರ ಎಂಬತ್ತು ಮನೆ! ನೀನು ಬಾಯಿಬಿಟ್ಟು ಹೇಳಿದ್ರೆ ಸಾಕು, ಇವರೆಲ್ಲ ಸೇರ್ತಾರೆ. ನನಗೆ ಒಬ್ಬರನ್ನ ಹುಡುಕೋಕೇ ಸಾಕಾಗಿ ಹೋಗಿದೆ. ನನಗೋಸ್ಕರ ಆದ್ರೂ ಮುಂದಿನ ಭಾನುವಾರ ಮೀಟಿಂಗಿಗೆ ಬಾ ಅಕ್ಕ.”

ಅಮ್ಮ ಭುಜ ಒತ್ತಿಕೊಳ್ಳುತ್ತಾ, “ನೋಡೋಣ,” ಎಂದಳು.

ದೊಡ್ಡವರ ‘ನೋಡೋಣ’ಕ್ಕೆ ನೂರು ಅರ್ಥ. ಚಿಟಿಕೆ ಅದರಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡಳು. ಅಮ್ಮ ಸೇರುತ್ತಾಳೆ! ಚೀಲ ಇಲ್ಲ, ಮೆಟ್ಟಿಲು ಇಲ್ಲ, ಗಲೀಜು ಬಾಟಲಿ ಇಲ್ಲ. ಸ್ಕೂಲಿನಲ್ಲಿ ಹುಡುಗರು, “ಏ ಬ್ರಷ್ಷು, ಬೋರ್ಡ್ ಉಜ್ಜು ಬಾ,” ಎಂದು ಕಾಡಿಸುವುದೂ ಇಲ್ಲ. ಅಮ್ಮನ ಕೋಟಿನ ಮೇಲೂ ನಕ್ಷತ್ರ ಫಳಫಳ ಅನ್ನುವುದನ್ನು ನೆನೆದು ಅವಳು ಕುಳಿತಲ್ಲೇ ನಕ್ಕಳು.

ಗುರುವಾರ ಸ್ಕೂಲಿನಿಂದ ಬಂದ ಮೇಲೆ ಅಮ್ಮ ಅವಳ ಕೈಗೆ ಒಂದು ಸಣ್ಣ ಪೊಟ್ಟಣ ಕೊಟ್ಟಳು. “ಇದನ್ನ ಗಡಿಯಾರದ ತಾತನಿಗೆ ಕೊಟ್ಟು ಬಾ.”

ಗಡಿಯಾರದ ತಾತನ ಅಂಗಡಿ ಇದ್ದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲೂ ಒಂದೊಂದು ಟೈಮು. ಪೊಟ್ಟಣದಲ್ಲಿ ಇದ್ದದ್ದು ಕಂಪನಿಯ ಎಲ್ಲಕ್ಕಿಂತ ಸಣ್ಣ ಬ್ರಷ್. ಗಡಿಯಾರದ ಹಲ್ಲುಚಕ್ರಗಳ ಸಂದಿಗೆ ಹೋಗಲಿ ಎಂದು ಅಮ್ಮ ಅದರ ಕೂದಲನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದಳು.

ತಾತ ಅದನ್ನು ಕಣ್ಣಿನ ಹತ್ತಿರ ತಂದರು. ಇನ್ನೂ ಹತ್ತಿರ ತಂದರು. ಮೂಗಿಗೇ ತಾಗುವಷ್ಟಾಯಿತು.

“ಕಣ್ಣು ಇನ್ನೂ ಮಂಜಾ ತಾತ?” ಎಂದು ಕೇಳಿದಳು ಚಿಟಿಕೆ.

“ಮಂಜೇನು, ಹೊಗೆ! ಡಾಕ್ಟರು ಆಪರೇಷನ್ ಮಾಡ್ಬೇಕು ಅಂದಿದ್ದಾರೆ. ದುಡ್ಡು ಕೂಡಿಸ್ತಾ ಇದ್ದೀನಿ. ಅರ್ಧ ದಾರಿ ಬಂದಿದೆ. ಇನ್ನು ಒಂದು ವರ್ಷ ಆಗುತ್ತೇನೋ.”

ಒಂದು ವರ್ಷ! ಚಿಟಿಕೆಯ ಬಾಯಿ ಸುಮ್ಮನಿರಬೇಕಲ್ಲ? ಅವಳಿಗೆ ತಾತನ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿತು. “ತಾತ, ಮೂರೇ ತಿಂಗಳಲ್ಲಿ ಆಗುತ್ತೆ! ಒಂದು ಪ್ಲಾನ್ ಇದೆ. ಹನ್ನೆರಡು ಸಾವಿರ ಕಟ್ಟಿದ್ರೆ ಮೂರು ಪಟ್ಟು ಸಿಗುತ್ತೆ. ಅಮ್ಮ ಸೇರ್ತಾ ಇದ್ದಾಳೆ!”

ತಾತ ಬ್ರಷ್ ಕೆಳಗಿಟ್ಟರು. “ಬ್ರಷ್ ಅಕ್ಕ ಸೇರ್ತಾಳಾ?”

“ಹೂಂ ತಾತ. ಭಾನುವಾರ.”

ತಾತ ಸ್ಟೂಲಿನಿಂದ ಎದ್ದು, ಮೇಲಿನ ಹಲಗೆಯ ಹಿಂದೆ ಕೈಹಾಕಿ, ಒಂದು ಕಂದು ಲಕೋಟೆ ತೆಗೆದರು. ಒಂದೊಂದೇ ನೋಟನ್ನು ಮೂಗಿನ ಹತ್ತಿರ ಹಿಡಿದು ಎಣಿಸಿದರು. ಹನ್ನೆರಡು ಸಾವಿರವನ್ನು ಲಕೋಟೆಗೆ ಹಾಕಿ, ಅಂಟಿಸಿ, ಚಿಟಿಕೆಯ ಕೈಗೆ ಕೊಟ್ಟರು. “ಅಮ್ಮನಿಗೆ ಕೊಡು. ನನ್ನ ಹೆಸರೂ ಬರೆಸು ಅನ್ನು. ಜೋಪಾನ.”

ಚಿಟಿಕೆ ಕುಣಿಯುತ್ತಲೇ ಮನೆಗೆ ಬಂದಳು. ಅಮ್ಮ ಇನ್ನೂ ಸೇರಿಯೇ ಇಲ್ಲ, ಆಗಲೇ ಅಮ್ಮನ ಕೆಳಗೆ ಒಬ್ಬರು ಸಿಕ್ಕಿಬಿಟ್ಟರು! ಈ ಸುದ್ದಿಯನ್ನು ಭಾನುವಾರವೇ ಹೇಳಿ ಅಮ್ಮನನ್ನು ಬೆಚ್ಚಿಬೀಳಿಸಬೇಕು ಎಂದುಕೊಂಡು ಲಕೋಟೆಯನ್ನು ಗಣಿತದ ಪುಸ್ತಕದ ನಡುವೆ ಬಚ್ಚಿಟ್ಟಳು. ಮೂರು ದಿನ ಆ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವಳ ಜೀವಮಾನದ ದಾಖಲೆ.

ಭಾನುವಾರ ಬೆಳಿಗ್ಗೆ ಮೀಟಿಂಗ್ ನಡೆಯುವ ಹಾಲ್‌ನ ಮುಂದೆ ಜನವೋ ಜನ. ಅಮ್ಮ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಹಿಂದೆ ಉಳಿದಳು. ಚಿಟಿಕೆ ಓಡಿಹೋಗಿ ಚಿಕ್ಕಮ್ಮನ ಕೈಗೆ ಲಕೋಟೆ ತುರುಕಿದಳು. “ಇದು ಗಡಿಯಾರದ ತಾತನ ದುಡ್ಡು! ಅಮ್ಮನ ಕೆಳಗೆ ಸೇರಿಸು. ಅಮ್ಮನಿಗೆ ಈಗಲೇ ಹೇಳ್ಬೇಡ, ಸರ್‌ಪ್ರೈಸ್!”

“ನನ್ನ ಚಿನ್ನ!” ಚಿಕ್ಕಮ್ಮ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡರೆ ಪಿನ್ನು ಚುಚ್ಚುತ್ತದೆ. ಚುಚ್ಚಿತು. “ಮೀಟಿಂಗ್ ಮುಗಿದ ತಕ್ಷಣ ಕೌಂಟರಿನಲ್ಲಿ ಕಟ್ಟಿಬಿಡ್ತೀನಿ.”

ಒಳಗೆ ಜೋರಾಗಿ ಮ್ಯೂಸಿಕ್. ಪರದೆಯ ಮೇಲೆ ಕಾರು, ಬಂಗಲೆ, ಸಮುದ್ರ. ಕೋಟು ಹಾಕಿದ ಅಂಕಲ್ ಒಬ್ಬರು ಮೈಕ್ ಹಿಡಿದು ಬಂದು, “ಯಾರಿಗೆ ಶ್ರೀಮಂತರಾಗಬೇಕು?” ಎಂದು ಕೂಗಿದರು. ಎಲ್ಲರೂ “ನಮಗೆ!” ಎಂದರು. ಚಿಟಿಕೆಯೂ ಕೂಗಿದಳು, ಗಂಟಲು ಕಟ್ಟುವ ಹಾಗೆ.

ಅಂಕಲ್ ಪರದೆಯ ಮೇಲೆ ಒಂದು ಚುಕ್ಕಿ ತೋರಿಸಿದರು. ಅದರ ಕೆಳಗೆ ಎರಡು, ಅದರ ಕೆಳಗೆ ನಾಲ್ಕು, ಎಂಟು, ಹದಿನಾರು. ಮೇಲಿನ ಚುಕ್ಕಿಯ ಮೇಲೆ ನೋಟುಗಳು ಮಳೆಯ ಹಾಗೆ ಸುರಿದವು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಅಮ್ಮ ಕೈ ಎತ್ತಿದಳು. “ಸರ್, ಈ ಪುಡಿ ಇಷ್ಟ ಆಗದಿದ್ರೆ ಡಬ್ಬಿ ವಾಪಸ್ ತಗೊಂಡು ದುಡ್ಡು ಕೊಡ್ತೀರಾ?”

“ಅಯ್ಯೋ ಅಕ್ಕಾ!” ಎಂದರು ಅಂಕಲ್, ಎಲ್ಲರ ಕಡೆ ನೋಡಿ ನಗುತ್ತಾ. “ಇದೇನು ಕಿರಾಣಿ ಅಂಗಡೀನಾ? ಇದು ಕುಟುಂಬ! ಕುಟುಂಬದಲ್ಲಿ ವಾಪಸ್ ಅನ್ನೋ ಮಾತುಂಟಾ?”

ಇಡೀ ಹಾಲ್ ನಕ್ಕಿತು. ಅಮ್ಮ ಕೈ ಇಳಿಸಿದಳು. ಚಿಟಿಕೆಗೆ ಅವಮಾನವಾಗಿ ಕಿವಿ ಬಿಸಿಯಾಯಿತು. ಈ ಅಮ್ಮನಿಗೆ ಎಲ್ಲಿ ಏನು ಕೇಳಬೇಕು ಅಂತ ಗೊತ್ತೇ ಆಗುವುದಿಲ್ಲ!

ಟೀ ಬಿಡುವಿನಲ್ಲಿ ಚಿಕ್ಕಮ್ಮ ಅಮ್ಮನನ್ನು ಯಾರಿಗೋ ಪರಿಚಯ ಮಾಡಿಸಲು ಎಳೆದುಕೊಂಡು ಹೋದಳು. ಚಿಟಿಕೆಯ ಪಕ್ಕದ ಕುರ್ಚಿಯಲ್ಲಿ ಹಸಿರು ಕನ್ನಡಕದ ಆಂಟಿಯೊಬ್ಬರು ಬಿಸ್ಕತ್ತು ತಿನ್ನುತ್ತಾ ಕುಳಿತಿದ್ದರು. ಅವರ ತೊಡೆಯ ಮೇಲೂ ಬಂಗಾರದ ಡಬ್ಬಿ. ಅಭ್ಯಾಸಬಲ ನೋಡಿ, ಚಿಟಿಕೆಯ ಬಾಯಿಂದ ತಾನಾಗಿಯೇ ಬಂತು.

“ಆಂಟಿ, ಹೋದ ಸಲದ್ದು ಹೇಗಿದೆ?”

“ಯಾವುದಮ್ಮ?”

“ಪುಡಿ. ತಿಂದ್ರಾ? ಚೆನ್ನಾಗಿದೆಯಾ?”

ಆಂಟಿ ನಕ್ಕರು. “ನಾನ್ಯಾಕೆ ತಿನ್ನಲಿ? ಪ್ರತಿ ತಿಂಗಳೂ ಒಂದು ತಗೋಬೇಕು, ಅದು ರೂಲ್ಸು. ಮನೇಲಿ ಇನ್ನೂ ಏಳು ಡಬ್ಬಿ ಇದೆ, ಮಂಚದ ಕೆಳಗೆ. ಒಂದನ್ನೂ ತೆಗೆದಿಲ್ಲ.”

“ಮತ್ತೆ ಯಾರಿಗಾದ್ರೂ ಮಾರ್ತೀರಾ?”

“ಯಾರು ತಗೋತಾರೆ? ಅಂಗಡಿಗಿಂತ ಹತ್ತು ಪಟ್ಟು ರೇಟು!”

ಚಿಟಿಕೆ ಹಿಂದಿನ ಸಾಲಿನ ಅಣ್ಣನನ್ನು ಕೇಳಿದಳು. ಅವನ ಮನೆಯಲ್ಲಿ ನಾಲ್ಕು ಡಬ್ಬಿ, ಬೀರುವಿನ ಮೇಲೆ. ಬಾಗಿಲ ಹತ್ತಿರ ನಿಂತಿದ್ದ ಅಜ್ಜನನ್ನು ಕೇಳಿದಳು. ಅವರ ಮೊಮ್ಮಗ ಡಬ್ಬಿಗಳನ್ನು ಜೋಡಿಸಿ ಗೋಪುರ ಕಟ್ಟುತ್ತಾನಂತೆ. ಪುಡಿ ತಿಂದವರು ಒಬ್ಬರೂ ಸಿಗಲಿಲ್ಲ.

ಅವಳು ವಾಪಸ್ ಬಂದು ಕುಳಿತಳು. ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಏನು ಅಂತ ಗೊತ್ತಾಗಲಿಲ್ಲ. ಅಮ್ಮ ಬ್ರಷ್ ಮಾರಿದರೆ ಆ ಬ್ರಷ್ ಯಾರದೋ ಮನೆಯಲ್ಲಿ ಬಾಟಲಿ ಉಜ್ಜುತ್ತಿರುತ್ತದೆ, ದುಡ್ಡು ಅಲ್ಲಿಂದ ಬರುತ್ತದೆ. ಇಲ್ಲಿ ಯಾರೂ ಏನೂ ಬಳಸುವುದೇ ಇಲ್ಲ. ಹಾಗಾದರೆ ಮೂರು ಪಟ್ಟು ಎಲ್ಲಿಂದ ಬರಬೇಕು?

ಕೈಗೆ ಏನಾದರೂ ಕೆಲಸ ಇದ್ದರೆ ಅವಳ ತಲೆ ಓಡುತ್ತಿತ್ತು. ಬಾಗಿಲಲ್ಲಿ ಎಲ್ಲರಿಗೂ ಕೊಟ್ಟಿದ್ದ ಫಾರಂನ ಹಿಂಬದಿಯಲ್ಲಿ ಅಂಕಲ್ ತೋರಿಸಿದ ಚಿತ್ರವನ್ನೇ ಬರೆಯತೊಡಗಿದಳು. ಚುಕ್ಕಿಯ ಬದಲು ಹೆಸರು. ಮೇಲೆ ‘ಅಮ್ಮ’. ಅಮ್ಮನ ಕೆಳಗೆ ‘ತಾತ’. ತಾತನ ಕೆಳಗೆ ಇಬ್ಬರು ಬೇಕು.

ಯಾರನ್ನು ಬರೆಯುವುದು?

ತಾತನಿಗೆ ಯಾರಿದ್ದಾರೆ? ಜನ ಬರುತ್ತಾರೆ, ನಿಂತ ಗಡಿಯಾರ ಕೊಡುತ್ತಾರೆ, ಓಡುವ ಗಡಿಯಾರ ತೆಗೆದುಕೊಂಡು ಹೋಗುತ್ತಾರೆ. ಬಾಗಿಲಾಚೆ ನಿಂತವರ ಮುಖವೂ ತಾತನಿಗೆ ಸರಿಯಾಗಿ ಕಾಣುವುದಿಲ್ಲ. ಅವರು ಯಾರ ಮನೆಗೆ ಹೋಗಿ, ಯಾವ ಮೆಟ್ಟಿಲು ಹತ್ತಿ, ಯಾರನ್ನು ಸೇರಿಸುತ್ತಾರೆ?

ಅವಳು ಎರಡೂ ಜಾಗವನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಲೆಕ್ಕ ಮಾಡಿದಳು. ಒಂದು, ಎರಡು, ನಾಲ್ಕು ಕೂಡಿದರೆ ಏಳು. ಅದರ ಕೆಳಗಿನ ಸಾಲು ಎಂಟು. ಎಂಟನ್ನೂ ಕೂಡಿದರೆ ಹದಿನೈದು. ಅದರ ಕೆಳಗಿನದು ಹದಿನಾರು. ಎಷ್ಟು ಸಾಲು ಬರೆದರೂ ಅಷ್ಟೇ, ಮೇಲಿನವರನ್ನೆಲ್ಲ ಕೂಡಿದರೂ ಕೊನೆಯ ಸಾಲಿನವರೇ ಒಬ್ಬರು ಜಾಸ್ತಿ. ದುಪ್ಪಟ್ಟು ಮಾಡುತ್ತಾ ಮಾಡುತ್ತಾ ಹೋದಳು. ಹದಿನೇಳನೇ ಸಲಕ್ಕೆ ಒಂದು ಲಕ್ಷದ ಮೂವತ್ತೊಂದು ಸಾವಿರ ದಾಟಿತು. ಸಮಾಜ ಪಾಠದಲ್ಲಿ ಟೀಚರ್ ಹೇಳಿದ ಪ್ರಕಾರ ಅವರ ಊರಿನಲ್ಲಿದ್ದವರೇ ಒಂದು ಲಕ್ಷದ ಇಪ್ಪತ್ತು ಸಾವಿರ. ತೊಟ್ಟಿಲಲ್ಲಿರುವ ಪಾಪುಗಳನ್ನು ಸೇರಿಸಿಕೊಂಡರೂ ಜನ ಸಾಲುವುದಿಲ್ಲ!

ಕೊನೆಯ ಸಾಲಿನವರ ಕೆಳಗೆ ಯಾರೂ ಇರುವುದಿಲ್ಲ. ಅವರ ದುಡ್ಡು ಮೇಲೆ ಹೋಗುತ್ತದೆ, ಅವರಿಗೆ ಕೆಳಗಿನಿಂದ ಬರುವುದಿಲ್ಲ. ತಾತ ಇರುವುದು ಅಲ್ಲೇ.

ಮೈಕಿನಲ್ಲಿ, “ಇವತ್ತು ಸೇರುವವರು ಕೌಂಟರಿಗೆ ಬನ್ನಿ!” ಎಂಬ ಕೂಗು ಕೇಳಿಸಿತು. ಅವಳು ಕುರ್ಚಿಗಳ ನಡುವೆ ನುಗ್ಗಿ ಓಡಿ ಅಮ್ಮನ ಕೈ ಹಿಡಿದಳು.

“ಅಮ್ಮ, ನಾನು ತಪ್ಪು ಮಾಡಿಬಿಟ್ಟೆ.”

“ಏನು? ಟೀ ಚೆಲ್ಲಿದ್ಯಾ?”

“ಇಲ್ಲ. ತಾತನ ದುಡ್ಡು... ನೀನು ಸೇರ್ತೀಯ ಅಂತ ಹೇಳಿದೆ. ಅವರು ಹನ್ನೆರಡು ಸಾವಿರ ಕೊಟ್ರು. ನಾನು ಚಿಕ್ಕಮ್ಮಂಗೆ ಕೊಟ್ಟೆ.”

ಅಮ್ಮನ ಮುಖದ ಬಣ್ಣ ಇಳಿದುಹೋಯಿತು. ಬೈದಿದ್ದರೆ ವಾಸಿಯಿತ್ತು. “ಅದು ಅವರ ಕಣ್ಣಿನ ದುಡ್ಡು,” ಎಂದಷ್ಟೇ ಹೇಳಿ ಅಮ್ಮ ಸುತ್ತ ನೋಡಿದಳು. ಕೌಂಟರಿನ ಮುಂದೆ ಉದ್ದ ಸಾಲು. ಚಿಕ್ಕಮ್ಮನ ಮುಂದೆ ಇನ್ನು ಇಬ್ಬರೇ ಇದ್ದರು.

ಅಮ್ಮ ಮಗಳನ್ನು ಎಳೆದುಕೊಂಡು ಅಲ್ಲಿಗೆ ನಡೆದಳು. ಹತ್ತಿರ ಬಂದ ಮೇಲೆ ಕೈ ಬಿಟ್ಟಳು. “ಕೊಟ್ಟವಳು ನೀನು. ಕೇಳೋಳೂ ನೀನೇ. ನಾನು ಇಲ್ಲೇ ಇರ್ತೀನಿ.”

“ಚಿಕ್ಕಮ್ಮ, ಲಕೋಟೆ ವಾಪಸ್ ಕೊಡು,” ಎಂದಳು ಚಿಟಿಕೆ. ದನಿ ಸಣ್ಣಗಾಗಿತ್ತು.

ಚಿಕ್ಕಮ್ಮ ಫೈಲನ್ನು ಎದೆಗೊತ್ತಿಕೊಂಡಳು. “ಈಗ ಹಾಗಂದ್ರೆ ಹೇಗೆ ಪುಟ್ಟಾ? ಫಾರಂ ತುಂಬಿ ಆಯ್ತು. ಇವತ್ತು ಒಬ್ಬರಾದ್ರೂ ಸೇರದಿದ್ರೆ ನನ್ನ ಸ್ಟಾರ್ ಕಿತ್ಕೋತಾರೆ. ಆರು ತಿಂಗಳಿಂದ ಕಟ್ಟಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ನಿನಗೆ ಗೊತ್ತಾಗಲ್ಲ.”

ಇನ್ನು ಒಬ್ಬರೇ ಮುಂದಿದ್ದರು. ಚಿಟಿಕೆಗೆ ಅಳು ಬಂತು. ಅಳುತ್ತಲೇ ತಾನು ಚಿತ್ರ ಬರೆದಿದ್ದ ಹಾಳೆ ಎತ್ತಿ ಹಿಡಿದಳು. “ತಾತನ ಕೆಳಗೆ ಯಾರನ್ನ ಬರೀಲಿ ಚಿಕ್ಕಮ್ಮ? ನೀನೇ ಹೇಳು. ಎರಡು ಹೆಸರು ಹೇಳು, ಸಾಕು. ಆಮೇಲೆ ನಾನು ಕೇಳಲ್ಲ.”

ಚಿಕ್ಕಮ್ಮ ಹಾಳೆಯನ್ನು ನೋಡಿದಳು. ಅಮ್ಮನ ಹೆಸರು ನೋಡಿದಳು, ತಾತನ ಹೆಸರು ನೋಡಿದಳು, ಕೆಳಗಿನ ಎರಡು ಖಾಲಿ ಜಾಗ ನೋಡಿದಳು. ಅವಳ ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ. ಆರು ತಿಂಗಳಿಂದ ಅವಳೂ ಎರಡು ಹೆಸರನ್ನೇ ಹುಡುಕುತ್ತಿದ್ದಳಲ್ಲ.

“ನೆಕ್ಸ್ಟ್!” ಎಂದಳು ಕೌಂಟರಿನ ಹುಡುಗಿ.

ಚಿಕ್ಕಮ್ಮ ಸಾಲಿನಿಂದ ಪಕ್ಕಕ್ಕೆ ಸರಿದಳು. ಹಿಂದಿನವರು ಖುಷಿಯಿಂದ ಮುಂದೆ ಹೋದರು. ಅವಳು ಫೈಲು ತೆರೆದು, ಯಾರ ಮುಖವನ್ನೂ ನೋಡದೆ, ಲಕೋಟೆಯನ್ನು ಚಿಟಿಕೆಯ ಕೈಗೆ ಕೊಟ್ಟಳು.

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು. “ನೀನು ಕಟ್ಟಿದ್ದಕ್ಕೆ ರಸೀದಿ ಇದೆಯಾ?”

“ಕೇಳಿದ್ದೆ. ಕುಟುಂಬದಲ್ಲಿ ರಸೀದಿ ಯಾಕೆ ಅಂದ್ರು.” ಚಿಕ್ಕಮ್ಮ ಅಳತೊಡಗಿದಳು. “ಪಾರ್ಲರಿನಲ್ಲಿ ನನ್ನ ಜೊತೆ ಕೆಲಸ ಮಾಡೋಳನ್ನೂ ಸೇರಿಸಿದ್ದೀನಿ ಅಕ್ಕ. ಅವಳಿಗೆ ಏನು ಹೇಳ್ಲಿ?”

“ಮೊದಲು ನಿಜ ಹೇಳು. ಆಮೇಲೆ ಅವಳನ್ನೂ ಕರ್ಕೊಂಡು ಬಾ. ನಾಳೆ ಮೂರೂ ಜನ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಡೋಣ,” ಎಂದು ಅಮ್ಮ ತಂಗಿಯ ಕಣ್ಣೊರೆಸಿದಳು.

ಗಡಿಯಾರದ ತಾತ ಭಾನುವಾರವೂ ಅಂಗಡಿ ತೆರೆದಿರುತ್ತಿದ್ದರು. ಅಮ್ಮ ಬಾಗಿಲಾಚೆ ನಿಂತಳು. ಒಳಗೆ ಜಾಗ ಇರಲಿಲ್ಲ, ಅದೂ ಒಂದು ಕಾರಣ. ಚಿಟಿಕೆ ಒಬ್ಬಳೇ ಒಳಗೆ ಹೋಗಿ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

“ಏನಿದು? ಕಟ್ಟಲಿಲ್ವಾ?” ಎಂದರು ತಾತ.

“ಇಲ್ಲ ತಾತ. ಅದು ಮೋಸ. ಅಮ್ಮನೂ ಸೇರ್ಲಿಲ್ಲ. ಅಮ್ಮ ಸೇರ್ತೀನಿ ಅಂತ ಹೇಳೇ ಇರ್ಲಿಲ್ಲ. ನಾನೇ ಹೇಳಿದ್ದು.”

ತಾತನಿಗೆ ಖುಷಿಯಾಗುತ್ತದೆ ಎಂದು ಚಿಟಿಕೆ ಅಂದುಕೊಂಡಿದ್ದಳು. ಆಗಲಿಲ್ಲ. ಅವರ ಮುಖ ಸಪ್ಪಗಾಯಿತು, ಆಮೇಲೆ ಗಂಟಿಕ್ಕಿತು. “ಮೂರು ತಿಂಗಳು ಅಂತ ನೀನೇ ಹೇಳಿದೆ. ನಾನು ಡಾಕ್ಟರಿಗೂ ಹೇಳಿ ಬಂದೆ. ಈಗ ನೀನೇ ಬೇಡ ಅಂತೀಯ. ಇದೇನು ಆಟಾನಾ?”

ಚಿಟಿಕೆ ತಲೆ ತಗ್ಗಿಸಿ ನಿಂತಳು. ಡಬ್ಬಿಗಳ ಕತೆ, ಸಾಲುಗಳ ಲೆಕ್ಕ, ಎಲ್ಲವನ್ನೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ. “ಅದು ಏನು ಅಂತ ನನಗೆ ಗೊತ್ತಿರ್ಲಿಲ್ಲ ತಾತ. ಗೊತ್ತಿಲ್ದೇ ಹೇಳಿಬಿಟ್ಟೆ.”

ತಾತ ಲಕೋಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಅಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ನಾನಾದ್ರೂ ಏನು, ಯಾರು, ಎಲ್ಲಿ ಅಂತ ಒಂದು ಮಾತು ಕೇಳ್ಲಿಲ್ಲ ನೋಡು. ಈ ಬೀದಿಯಲ್ಲಿ ಬೇರೆ ಯಾರು ಬಂದು ಹೇಳಿದ್ರೂ ನೂರು ಪ್ರಶ್ನೆ ಕೇಳ್ತಿದ್ದೆ. ಬಾಗಿಲಿಂದಾಚೆ ಕಳಿಸ್ತಿದ್ದೆ. ಬ್ರಷ್ ಅಕ್ಕ ಅಂದೆಯಲ್ಲ, ಅದಕ್ಕೇ ಕೊಟ್ಟೆ.”

ಬಾಗಿಲಾಚೆ ಅಮ್ಮ ಬೀದಿಯ ಕಡೆ ತಿರುಗಿಕೊಂಡಳು. ಅವಳಿಗೂ ಕೇಳಿಸಿತ್ತು.

ಚಿಟಿಕೆಗೆ ಕುಳಿತುಕೊಳ್ಳಬೇಕು ಅನ್ನಿಸಿತು, ಆದರೆ ಇದ್ದದ್ದು ಒಂದೇ ಸ್ಟೂಲು. ತಾತ ಕೊಟ್ಟದ್ದು ಪ್ಲಾನಿಗೆ ಅಲ್ಲ. ಮೂರು ಪಟ್ಟಿನ ಆಸೆಗೂ ಅಲ್ಲ. ಭಾನುವಾರ ಬೆಳಿಗ್ಗೆ ಓಡಿಹೋಗಿ ಚಿಕ್ಕಮ್ಮನ ಕೈಗೆ ಅವಳು ತುರುಕಿದ್ದು ಬರೀ ಲಕೋಟೆಯಾಗಿರಲಿಲ್ಲ. ಅಮ್ಮ ಇಷ್ಟು ವರ್ಷ ಒಂದೊಂದೇ ಮೆಟ್ಟಿಲು ಹತ್ತಿ ಸಂಪಾದಿಸಿದ ಹೆಸರು ಅದರ ಜೊತೆಗೇ ಇತ್ತು, ಅಂಟಿಸಿದ ಲಕೋಟೆಯೊಳಗೆ.

“ತಾತ,” ಎಂದಳು. “ಇನ್ನೊಂದು ಸಲ ನಾನು ಬಂದು ಏನಾದ್ರೂ ಹೇಳಿದ್ರೆ, ಅಮ್ಮನ ಹೆಸರು ಹೇಳಿದ್ರೂ, ನೀವು ಕೇಳಿ.”

“ಏನಂತ ಕೇಳ್ಲಿ?”

“ಏನಾದ್ರೂ ಸರಿ. ಸುಮ್ನೆ ಇರ್ಬೇಡಿ. ಕೇಳಿ.”

ತಾತ ಮುಂದಕ್ಕೆ ಬಗ್ಗಿ ಅವಳ ಮುಖವನ್ನು ಹತ್ತಿರದಿಂದ ನೋಡಿದರು. ಅತ್ತು ಕೆಂಪಾದ ಮೂಗು ಅಷ್ಟು ಹತ್ತಿರದಲ್ಲಿ ಅವರಿಗೂ ಕಂಡಿರಬೇಕು. ಹುಬ್ಬಿನ ಗಂಟು ನಿಧಾನವಾಗಿ ಸಡಿಲವಾಯಿತು.

“ಆಗ್ಲಿ, ಈಗಲೇ ಶುರು ಮಾಡ್ತೀನಿ,” ಎಂದರು. “ಊಟ ಆಯ್ತಾ?”

“ಇಲ್ಲ ತಾತ,” ಎಂದಳು ಚಿಟಿಕೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಅವಳಿಗೆ ನೆನಪಾದದ್ದೇ ಆಗ.